ಮಳೆ ನಿಂತಿತು, ನೀರೂ ನಿಂತಿತು: ಮುಂಬಯಿಯ ಮಕ್ಕಳಿಗೆ ಊರಿನ ನೀರು ತೋರಿಸಿ ಕನ್ನಡ ಕಲಿಸುವ ಬಗೆ

ಕುರ್ಲಾದಲ್ಲಿ ನಾನು ನಡೆಸುವ ಭಾನುವಾರದ ಕನ್ನಡ ತರಗತಿಯಲ್ಲಿ ಒಂದು ಜುಲೈ ತಿಂಗಳು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಹಲಗೆಯ ಮೇಲೆ ಎರಡು ವಾಕ್ಯ ಬರೆದಳು: “ಮಳೆ ನಿಂತಿತು. ನೀರು ನಿಂತಿತು.” ಹಿಂದಿನ ಸಾಲಿನ ಹುಡುಗ ಕೈಯೆತ್ತಿದ. “ಟೀಚರ್, ಎರಡರಲ್ಲಿ ಒಂದು ತಪ್ಪು. ನಿಂತಿತು ಅಂದ್ರೆ ಮುಗೀತು ಅಲ್ವಾ? ನೀರು ಎಲ್ಲಿ ಮುಗೀತು? ನಮ್ಮ ಮೆಟ್ಟಿಲ ತನಕ ಇತ್ತು.”

ಆ ದಿನದ ಪಾಠವನ್ನು ಪಕ್ಕಕ್ಕಿಟ್ಟು ಮುಕ್ಕಾಲು ಗಂಟೆ ಈ ‘ನಿಲ್ಲು’ ಒಂದರ ಮೇಲೆಯೇ ಮಾತಾಡಿದೆವು. ಮಳೆ ನಿಂತರೆ ಇಲ್ಲವಾಗುತ್ತದೆ, ನೀರು ನಿಂತರೆ ಅಲ್ಲೇ ಉಳಿಯುತ್ತದೆ. ಬಸ್ಸು ನಿಂತರೆ ಹತ್ತಬಹುದು, ಲೋಕಲ್ ಗಾಡಿ ನಿಂತರೆ ಮನೆಗೆ ಹೋಗುವುದು ಹೇಗೆಂದು ಯೋಚಿಸಬೇಕು. ಮಕ್ಕಳ ಬಾಯಲ್ಲಿ ಉದಾಹರಣೆಗಳು ಒಂದರ ಮೇಲೊಂದು ಬಂದವು. ಅದಕ್ಕೂ ಮುಂಚಿನ ಎರಡು ವರ್ಷ ಇದೇ ಮಕ್ಕಳಿಂದ ನಾನು ‘ನಮ್ಮ ಹಳ್ಳಿ’ ಎಂಬ ಪ್ರಬಂಧ ಬರೆಸಿದ್ದೆ. ಬೆಟ್ಟ, ಹಸು, ತೋಟ ಎಲ್ಲವೂ ಅದರಲ್ಲಿದ್ದವು, ಅವರು ಕಣ್ಣಾರೆ ಕಂಡದ್ದು ಮಾತ್ರ ಏನೂ ಇರಲಿಲ್ಲ. ಅವರು ಕಂಡಿರುವ ಊರು ಮುಂಬಯಿ. ಆ ಊರಿನ ಬಗ್ಗೆ ಕನ್ನಡದಲ್ಲಿ ಹೇಳಲು ಬೇಕಾದ ಮಾತನ್ನು ನಾನು ಕೊಟ್ಟೇ ಇರಲಿಲ್ಲ.

ಅಂದಿನಿಂದ ಪ್ರತಿ ಮಳೆಗಾಲ ಊರಿನ ನೀರನ್ನೇ ಪಠ್ಯ ಮಾಡಿಕೊಂಡಿದ್ದೇನೆ. ಮನೆಯಲ್ಲಿ ಒಂದಿಬ್ಬರು ಮಕ್ಕಳಿಗೆ ಹೇಳಿಕೊಡುವ ತಾಯಿತಂದೆಯರಿಗೂ ಸಂಘದ ಕೋಣೆಯಲ್ಲಿ ಹತ್ತು ಹದಿನೈದು ಮಕ್ಕಳನ್ನು ಕೂರಿಸಿಕೊಳ್ಳುವವರಿಗೂ ಇದು ಒಗ್ಗುತ್ತದೆ. ಅಕ್ಷರ ಬರುವ, ಆದರೆ ನಾಲ್ಕು ವಾಕ್ಯ ಸರಾಗವಾಗಿ ಬರೆಯಲಾಗದ ಹನ್ನೊಂದು ವರ್ಷ ದಾಟಿದ ಮಕ್ಕಳಿದ್ದರೆ ಸಾಕು. ಬಹಳ ಮನೆಗಳಲ್ಲಿ ಮಾತು ತುಳು, ಕೊಂಕಣಿ, ಇಲ್ಲವೇ ಅರ್ಧ ಹಿಂದಿ. ಅದಕ್ಕಾಗಿ ಮಕ್ಕಳನ್ನು ಮೂದಲಿಸಬೇಡಿ, ಆ ಮಾತುಗಳೂ ಮುಂದೆ ಕೆಲಸಕ್ಕೆ ಬರುತ್ತವೆ.

ಮೊದಲು: ಮೇ ಕೊನೆಯಲ್ಲಿ ಪದ ಕೂಡಿಸಿ

ಮುಂಬಯಿಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 11. ಅದಕ್ಕೆ ಎರಡು ವಾರ ಮೊದಲೇ ಶುರು ಮಾಡಿ. ಮಗುವಿಗೊಂದು ಇನ್ನೂರು ಪುಟದ ನೋಟ್‌ಬುಕ್, ಗೋಡೆಗೆ ಮುಂಬಯಿಯ ದೊಡ್ಡ ನಕ್ಷೆ, ಕೆಲವು ಚಾರ್ಟ್ ಹಾಳೆ ಇದ್ದರಾಯಿತು.

ಪದಗಳ ಪಟ್ಟಿಯನ್ನು ನೀವು ಕೊಡಬೇಡಿ. ಮನೆಯಲ್ಲಿ ಕೇಳಿಕೊಂಡು ಬರಲಿ: ಮಳೆಗೆ ನಿಮ್ಮ ಕಡೆ ಏನೇನು ಹೆಸರು? ಊರಿನ ಅಜ್ಜಿಗೆ ಫೋನು ಮಾಡಲಿ. ತುಂತುರು, ಸೋನೆ, ಜಡಿಮಳೆ, ಬಿರುಮಳೆ, ಕುಂಭದ್ರೋಣ ಎಲ್ಲವೂ ಬರುತ್ತವೆ. ಮಳೆ ಹನಿಯುತ್ತದೆ, ಸುರಿಯುತ್ತದೆ, ಹುಯ್ಯುತ್ತದೆ, ಜಡಿಯುತ್ತದೆ, ಬಿಡುತ್ತದೆ, ಆಮೇಲೆ ಹೊಳವಾಗುತ್ತದೆ. ‘ಬಾರಿಶ್ ಆಯಿತು’ ಎಂದಷ್ಟೇ ಹೇಳುತ್ತಿದ್ದ ಹುಡುಗನ ಕೈಗೆ ಒಂದೇ ವಾರದಲ್ಲಿ ಹತ್ತು ಕ್ರಿಯಾಪದ ಸಿಕ್ಕಿರುತ್ತವೆ.

ಅಜ್ಜಂದಿರು ಮಳೆ ನಕ್ಷತ್ರಗಳನ್ನೂ ಹೇಳಿ ಕಳಿಸುತ್ತಾರೆ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂದು ಒಂದೊಂದೂ ಹದಿಮೂರು ಹದಿನಾಲ್ಕು ದಿನದ ಅಳತೆ. “ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು” ಎಂಬ ಗಾದೆ ಬಂದ ದಿನ ತರಗತಿಯಲ್ಲಿ ಒಂದು ಪ್ರಶ್ನೆ ಇಡಿ: ಆಗಸ್ಟ್ ಕೊನೆಯ ಆ ಮಳೆ ಹೊಲಕ್ಕೆ ಒಳ್ಳೆಯದು, ಸರಿ, ಮಳೆ ಬಂದರೆ ನೀರು ತುಂಬುವ ಮುಂಬಯಿಯ ತಗ್ಗು ಹಿಂದ್‌ಮಾತಾದ ಅಂಗಡಿಯವರು ಏನನ್ನುತ್ತಾರೆ? ಗಾದೆ ಯಾರ ನೆಲದಲ್ಲಿ ಹುಟ್ಟಿತೆಂದು ಮಕ್ಕಳೇ ಹುಡುಕುತ್ತಾರೆ.

ಕರಾವಳಿಯ ಮನೆಗಳಿಂದ ಬರುವ ಪದಗಳಂತೂ ಮುಂಬಯಿಗಾಗಿಯೇ ಇಟ್ಟಂತಿವೆ. ಭರತ (ಕಡಲಿನ ಉಬ್ಬರ), ಇಳಿತ, ಅಳಿವೆ (ನದಿ ಕಡಲು ಸೇರುವ ಬಾಯಿ), ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಗಿಡ), ಕೋಡಿ. ಮರಾಠಿಯ ಖಾಡಿ (ನೆಲದೊಳಕ್ಕೆ ಚಾಚಿದ ಕಡಲಿನ ಕವಲು), ತಿವರ ಎಂಬ ಪದಗಳನ್ನು ಶಾಲೆಯಲ್ಲಿ ಕೇಳಿದ ಮಗುವಿಗೆ, ಮಾಹಿಮಿನ ಖಾಡಿಯಲ್ಲಿರುವ ಆ ಗಿಡವನ್ನು ತನ್ನ ಅಜ್ಜ ಕಾಂಡ್ಲಾ ಅನ್ನುತ್ತಾರೆ ಎಂದು ತಿಳಿದಾಗ ಎರಡು ದಡಗಳು ಕೂಡಿಕೊಳ್ಳುತ್ತವೆ.

ಇಲ್ಲೇ ಇನ್ನೊಂದು ಹಾಳೆ ತೂಗುಹಾಕಿ. ಮರಾಠಿಯಲ್ಲೂ ಕನ್ನಡದಲ್ಲೂ ಇದ್ದು ಅರ್ಥ ಬೇರೆಯಾದ ಪದಗಳಿಗೆ ಅದು ಮೀಸಲು. ನಮ್ಮ ಪ್ರವಾಹ ಅವರಿಗೆ ಪೂರ. ಅವರ ಪ್ರವಾಹ ಬರೀ ಹರಿವು. ನಮ್ಮ ಮೋರಿ ರಸ್ತೆ ಬದಿಯದು, ಅವರದು ಮನೆಯೊಳಗೆ ಪಾತ್ರೆ ತೊಳೆಯುವ, ಮೀಯುವ ಮೂಲೆ. ಅವರ ವಿಕಾಸ ನಮಗೆ ಅಭಿವೃದ್ಧಿ. ಭರತಿ ಎಂದರೆ ಅವರಿಗೆ ಕಡಲಿನ ಉಬ್ಬರವೂ ಹೌದು, ನೌಕರಿಯ ನೇಮಕಾತಿಯೂ ಹೌದು. ಮುಂಬಯಿಯ ಮಕ್ಕಳ ಕನ್ನಡದಲ್ಲಿ ಕಾಣುವ ಎಷ್ಟೋ ತಪ್ಪುಗಳು ಈ ಜಾಗದಿಂದಲೇ ಹುಟ್ಟುತ್ತವೆ, ಆದ್ದರಿಂದ ಈ ಹಾಳೆಯನ್ನು ವರ್ಷವಿಡೀ ತೆಗೆಯಬೇಡಿ.

ಎರಡನೆಯದು: ಒಂದು ಮಗು, ಒಂದು ಜಾಗ

ಪ್ರತಿ ಮಗುವೂ ಮನೆಯ ಹತ್ತಿರದ ಒಂದು ಜಾಗ ಆರಿಸಿಕೊಳ್ಳಲಿ. ಚಾಳಿನ ಎದುರಿನ ನಾಲಾ, ಸ್ಟೇಷನ್ನಿಗೆ ಹೋಗುವ ಸಬ್‌ವೇ, ಮೀನು ಮಾರುಕಟ್ಟೆಯ ಮುಂದಿನ ತಗ್ಗು, ಒಂದು ಮರ, ಯಾವುದಾದರೂ ಆದೀತು. ಜೂನಿನಿಂದ ಅಕ್ಟೋಬರ್ ತನಕ ಅದೇ ಜಾಗ, ಬದಲಾಯಿಸುವಂತಿಲ್ಲ. ವಾರಕ್ಕೆ ಮೂರು ದಿನ ಐದೈದು ಸಾಲು: ದಿನ, ಹೊತ್ತು, ಕಂಡದ್ದು, ಕೇಳಿದ್ದು, ಮನಸ್ಸಿನಲ್ಲಿ ಎದ್ದ ಒಂದು ಪ್ರಶ್ನೆ.

ಸುರಕ್ಷತೆಯ ಮಾತನ್ನು ತಾಯಿತಂದೆಯರ ಎದುರಿಗೇ ಹೇಳಿಬಿಡಿ. ನೀರು ಏರಿರುವಾಗ ಯಾರೂ ಇಳಿಯಬಾರದು, ಕಿಟಕಿಯಿಂದ ಇಲ್ಲವೇ ಮೆಟ್ಟಿಲ ಮೇಲಿನಿಂದ ನೋಡಿದರೆ ಸಾಕು. 2017ರ ಆಗಸ್ಟ್ 29ರ ಮಳೆಯಲ್ಲಿ ಹೆಸರಾಂತ ವೈದ್ಯರೊಬ್ಬರು ನೀರಿನಡಿ ಕಾಣದೆ ತೆರೆದಿದ್ದ ಮ್ಯಾನ್‌ಹೋಲ್‌ಗೆ ಬಿದ್ದು ತೀರಿಹೋದರು. ನಿಂತ ನೀರಿನಲ್ಲಿ ನಡೆದರೆ, ಅದರಲ್ಲೂ ಕಾಲಿಗೆ ಗಾಯವಿದ್ದರೆ, ಇಲಿಜ್ವರದ ಭಯವಿದೆ. ಅಂಥವರು ಕೂಡಲೇ ವೈದ್ಯರನ್ನು ಕಾಣಬೇಕು. ನೋಟ್‌ಬುಕ್ಕಿನ ಐದು ಸಾಲಿಗಾಗಿ ಮಗು ಅಪಾಯಕ್ಕೆ ಹೋಗಕೂಡದು.

ನೀರಿನ ಆಳಕ್ಕೆ ಕನ್ನಡದಲ್ಲಿ ನಮ್ಮ ಮೈಯೇ ಅಳತೆಗೋಲು. ಪಾದ ಮುಳುಗುವಷ್ಟು, ಕಣಕಾಲಿನವರೆಗೆ, ಮೊಣಕಾಲುದ್ದ, ಸೊಂಟಮಟ್ಟ, ಎದೆಮಟ್ಟ. ಮೈಯ ಭಾಗಗಳ ಹೆಸರನ್ನು ಚಿತ್ರ ತೋರಿಸಿ ಕಲಿಸಿದರೆ ಮಕ್ಕಳು ಮರೆಯುತ್ತಾರೆ, ನೀರಿನಿಂದ ಕಲಿತದ್ದು ಮರೆಯುವುದಿಲ್ಲ. ಆದರೆ ಯಾರ ಮೊಣಕಾಲು? ಆರನೇ ಇಯತ್ತೆಯ ತಂಗಿಯದೋ, ಅಪ್ಪನದೋ? ಆ ಪ್ರಶ್ನೆ ತಾನಾಗಿ ಏಳುತ್ತದೆ. ಆಗ “ಮೂರನೇ ಮೆಟ್ಟಿಲು ಮುಳುಗಿತ್ತು”, “ಅಂಗಡಿಯ ಶಟರಿನ ಕೆಳಗಿನ ಬೀಗ ಕಾಣುತ್ತಿರಲಿಲ್ಲ” ಎಂದು ಕದಲದ ವಸ್ತುವಿಗೆ ಹೋಲಿಸಿ ಬರೆಯಲು ಹೇಳಿಕೊಡಿ.

ಮೂರನೆಯದು: ಕಂಡದ್ದು, ಕೇಳಿದ್ದು, ಊಹಿಸಿದ್ದು

ಇಡೀ ಕೆಲಸದ ಬೆನ್ನೆಲುಬು ಇದು. ಎರಡು ಮೂರು ವಾರ ಹಿಡಿದರೂ ಅವಸರ ಬೇಡ.

ಹುಡುಗನೊಬ್ಬ ಬರೆದ: “ಗಟಾರ ಸ್ವಚ್ಛ ಮಾಡಿರಲಿಲ್ಲ.” ನೀನು ನೋಡಿದೆಯಾ ಎಂದೆ. ಇಲ್ಲ, ವಾಚ್‌ಮನ್ ಹೇಳಿದರು ಎಂದ. ಹಾಗಾದರೆ ಕನ್ನಡದಲ್ಲಿ ಅದನ್ನು ಹೇಳಲು ಒಂದು ಪುಟ್ಟ ಪ್ರತ್ಯಯ ಇದೆಯಲ್ಲ: “ಮಾಡಿರಲಿಲ್ಲವಂತೆ.” ಕಸ ತೇಲುವುದನ್ನು ನೋಡಿ ನೀನೇ ಯೋಚಿಸಿದೆಯಾದರೆ “ಗಟಾರ ಕಟ್ಟಿಕೊಂಡಿರಬೇಕು.” ಕಣ್ಣಾರೆ ಕಂಡಿದ್ದರೆ ಮಾತ್ರ “ಕಟ್ಟಿಕೊಂಡಿತ್ತು.”

ಇತ್ತು, ಇತ್ತಂತೆ, ಇದ್ದಿರಬೇಕು. ಈ ಮೂರನ್ನು ಹಲಗೆಯ ಮೇಲೆ ಬರೆದು ಹಾಗೇ ಬಿಡಿ. ಮಕ್ಕಳು ತಮ್ಮ ಐದು ಸಾಲುಗಳ ಪ್ರತಿ ಕ್ರಿಯಾಪದವನ್ನೂ ಇವುಗಳ ಎದುರು ನಿಲ್ಲಿಸಿ ನೋಡಲಿ. ಮಳೆಗಾಲದಲ್ಲಿ ಈ ಊರಿನ ಮೊಬೈಲುಗಳಲ್ಲಿ ಯಾವ ವರ್ಷದ್ದೋ ವಿಡಿಯೊ ಇಂದಿನದೆಂದು ಹರಿದಾಡುತ್ತದೆ. ಅದನ್ನು ನಂಬಬೇಡ ಎಂದು ಉಪದೇಶ ಮಾಡುವುದಕ್ಕಿಂತ ‘ಅಂತೆ’ಯನ್ನು ಸರಿಯಾದ ಜಾಗದಲ್ಲಿ ಹಾಕಲು ಕಲಿಸುವುದು ಮೇಲು. ಈ ಪ್ರತ್ಯಯದ ಮೇಲೆ ನನಗೆ ವಿಶೇಷ ಪ್ರೀತಿ. ಹೇಳುವವನು ಎಲ್ಲಿ ನಿಂತು ಹೇಳುತ್ತಿದ್ದಾನೆಂದು ಒಂದೇ ಅಕ್ಷರದಷ್ಟು ಜಾಗದಲ್ಲಿ ಅದು ತಿಳಿಸಿಬಿಡುತ್ತದೆ.

ಇದನ್ನು ಗಟ್ಟಿ ಮಾಡಲು 2005ರ ಜುಲೈ 26ರ ಬಗ್ಗೆ ಮನೆಯ ಹಿರಿಯರನ್ನು ಮಾತಾಡಿಸಿ ಬರಲು ಹೇಳಿ. ಮಕ್ಕಳು ಆಗ ಹುಟ್ಟಿರಲಿಲ್ಲ, ಆದ್ದರಿಂದ ಬರೆಯುವುದೆಲ್ಲ ‘ಅಂತೆ’ಯಲ್ಲೇ ಬರಬೇಕು. “ಅಪ್ಪ ಹಳಿಯ ಮೇಲೆ ನಡೆದುಕೊಂಡು ಬಂದರಂತೆ, ಮಧ್ಯರಾತ್ರಿ ಮನೆ ಮುಟ್ಟಿದರಂತೆ.” ಸಾಂತಾಕ್ರೂಜ್ ಬಳಿಯ ಕಲೀನಾದ ಒಬ್ಬ ವಿದ್ಯಾರ್ಥಿನಿ ಮಾತ್ರ ಮುಖ ಸಣ್ಣದು ಮಾಡಿಕೊಂಡು ಬಂದಳು. ಅಮ್ಮ ಹೇಳುತ್ತಾರೆ, ಮನೆಯೊಳಗೆ ಎದೆಮಟ್ಟ ನೀರು. ಅಪ್ಪ ದಕ್ಷಿಣ ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿದ್ದವರು, “ಅಲ್ಲಿ ಅಂಥ ಮಳೆಯೇ ಇರಲಿಲ್ಲ, ಸಂಜೆ ತನಕ ಗಿರಾಕಿ ಬರ್ತಾನೇ ಇದ್ರು” ಅನ್ನುತ್ತಾರೆ. ಯಾರ ಮಾತು ಬರೆಯಲಿ ಟೀಚರ್?

ಇಬ್ಬರದೂ ಬರೆ ಎಂದೆ. ಮುಂದಿನ ವಾರ ಹವಾಮಾನ ಇಲಾಖೆಯ ಎರಡು ಕೇಂದ್ರಗಳ ಅಂಕಿ ತಂದು ಹಲಗೆಯ ಮೇಲೆ ಬರೆದೆ. ಆ 24 ಗಂಟೆಯಲ್ಲಿ ಸಾಂತಾಕ್ರೂಜ್ ಕೇಂದ್ರದಲ್ಲಿ 944 ಮಿಲಿಮೀಟರ್, ದಕ್ಷಿಣ ತುದಿಯ ಕೊಲಾಬಾದಲ್ಲಿ 75ಕ್ಕೂ ಕಡಿಮೆ. ಒಂದೇ ಊರು, ಒಂದೇ ದಿನ. ಹುಡುಗಿ ಎರಡು ಸಂಖ್ಯೆಗಳನ್ನೂ ಬಹಳ ಹೊತ್ತು ನೋಡಿ, “ಅಪ್ಪ ಸುಳ್ಳು ಹೇಳಿರಲಿಲ್ಲ” ಎಂದು ನೋಟ್‌ಬುಕ್ಕಿನಲ್ಲಿ ಬರೆದಳು. ‘ಅಂತೆ’ ಇಲ್ಲದ ಆ ವಾಕ್ಯವನ್ನು ನಾನು ತಿದ್ದಲಿಲ್ಲ.

ನಾಲ್ಕನೆಯದು: ಸಂಖ್ಯೆಗಳನ್ನು ಕನ್ನಡದಲ್ಲಿ ಓದಿಸಿ

ನಮ್ಮ ಮಕ್ಕಳಿಗೆ ಹತ್ತು ದಾಟಿದ ಮೇಲೆ ಸಂಖ್ಯೆ ಇಂಗ್ಲಿಷಿನಲ್ಲೇ ಬರುವುದು. ಮಳೆಯ ಅಂಕಿಗಳು ಇದಕ್ಕೆ ಒಳ್ಳೆಯ ಮದ್ದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಮುಟ್ಟಿದರೆ ವಿಪರೀತ ಭಾರಿ. 204.5 ಅನ್ನು “ಇನ್ನೂರ ನಾಲ್ಕೂವರೆ” ಎಂದು ಓದಿಸಿ. ಕಾಲು, ಅರೆ, ಮುಕ್ಕಾಲು ಎಂಬ ಪದಗಳು ಅಂಗಡಿ ಸಾಮಾನಿನ ಆಚೆಗೂ ಬದುಕಿವೆ ಎಂದು ಗೊತ್ತಾಗಲಿ.

ಮಿಲಿಮೀಟರ್ ಅಂದರೇನೆಂದು ಕೈಯಾರೆ ನೋಡಲಿ. ಮೇಲಿಂದ ಕೆಳಗೆ ಒಂದೇ ಅಗಲವಿರುವ ಸ್ಟೀಲ್ ಡಬ್ಬಿಯನ್ನು ತಾರಸಿಯಲ್ಲಿ ಬಯಲಿಗೆ ಇಟ್ಟು ಬೆಳಿಗ್ಗೆ ಸ್ಕೇಲು ಇಳಿಸಿ ಅಳೆದರೆ ಸಾಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ತಾರಸಿಯ ಮೇಲೆ 50 ಮಿಲಿಮೀಟರ್ ಬಿದ್ದರೆ ಐದು ಸಾವಿರ ಲೀಟರ್. ಅಷ್ಟೂ ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಯಿಂದ ಚರಂಡಿಗೆ, ಚರಂಡಿಯಿಂದ ಕಡಲಿಗೆ ಪಾಠ ತಾನೇ ಹರಿಯುತ್ತದೆ. ಮುಂಬಯಿಯ ಹಳೆಯ ಮಳೆನೀರು ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಗೆಂದು ಕಟ್ಟಿದ್ದು. ಅದನ್ನು 50ಕ್ಕೆ ಏರಿಸಬೇಕೆಂದು 1993ರಲ್ಲೇ ಪಾಲಿಕೆಗೆ ವರದಿ ಬಂತು. ಕೆಲಸಕ್ಕೆ ವೇಗ ಬಂದದ್ದು 2005ರ ನಂತರ. ನೀರು ಕಡಲಿಗೇ ಸೇರಬೇಕು, ಆದರೆ ಭರತದ ಹೊತ್ತಿಗೆ ಕಡಲೇ ಚರಂಡಿಯ ಬಾಯಿಗೆ ಬಂದು ನಿಂತಿರುತ್ತದೆ. ಆಗ ಹಾಜಿ ಅಲಿ, ಇರ್ಲಾ, ವರ್ಲಿಯ ಲವ್‌ಗ್ರೋವ್‌ನಂಥ ಕಡೆಗಳ ಪಂಪಿಂಗ್ ಸ್ಟೇಷನ್‌ಗಳು ನೀರನ್ನು ಎತ್ತಿ ಹಾಕಬೇಕು. ನಾಲ್ಕೂವರೆ ಮೀಟರ್ ಮೀರುವ ಭರತದ ದಿನಗಳ ಪಟ್ಟಿಯನ್ನು ಪಾಲಿಕೆ ಮಳೆಗಾಲಕ್ಕೆ ಮೊದಲೇ ಹೊರಡಿಸುತ್ತದೆ, ಪತ್ರಿಕೆಗಳಲ್ಲಿ ಬರುತ್ತದೆ. ಕತ್ತರಿಸಿ ಗೋಡೆಗೆ ಅಂಟಿಸಿ, ‘-ಅರೆ’ ಪ್ರತ್ಯಯದ ಅಭ್ಯಾಸ ಇದರಿಂದಲೇ ಆಗಲಿ: ಭರತದ ಹೊತ್ತಿಗೆ ಜಡಿಮಳೆ ಹಿಡಿದರೆ ನಮ್ಮ ಗಲ್ಲಿ ತುಂಬುತ್ತದೆ, ಇಳಿತದ ಹೊತ್ತಿಗೆ ಹಿಡಿದರೆ ಅರ್ಧ ಗಂಟೆಯಲ್ಲಿ ಖಾಲಿಯಾಗುತ್ತದೆ. ಹೌದೋ ಅಲ್ಲವೋ ಅವರ ನೋಟ್‌ಬುಕ್ಕಿನ ದಿನಾಂಕಗಳೇ ಹೇಳುತ್ತವೆ.

ಐದನೆಯದು: ಸುರಿಯಿತು, ಸುರಿಯುತ್ತದೆ

ದೊಡ್ಡ ಮಳೆ ಬಂದ ಮರುದಿನ ಮಕ್ಕಳು “ಇದು ಹವಾಮಾನ ಬದಲಾವಣೆ” ಎಂದು ಬರೆದುಬಿಡುತ್ತಾರೆ. ಇಲ್ಲಿ ಕಾಲಗಳ ಪಾಠ ಕೈಹಿಡಿಯುತ್ತದೆ. ಹವಾಮಾನ ದಿನದ್ದು, ವಾಯುಗುಣ ಬಹುಕಾಲದ್ದು. “ನಿನ್ನೆ ಸುರಿಯಿತು” ಎನ್ನಲು ಒಂದು ದಿನ ನೋಡಿದರೆ ಸಾಕು. “ಜುಲೈನಲ್ಲಿ ಹೀಗೆ ಸುರಿಯುತ್ತದೆ” ಎನ್ನಲು ವಿಜ್ಞಾನಿಗಳು ಮೂವತ್ತು ವರ್ಷದ ದಾಖಲೆಯ ಸರಾಸರಿ ಹಿಡಿಯುತ್ತಾರೆ. “ಮೊದಲು ಹೀಗೆ ಸುರಿಯುತ್ತಿರಲಿಲ್ಲ” ಎನ್ನಲು ಎರಡು ಕಾಲಗಳ ದಾಖಲೆ ಬೇಕು. ಯಾವ ಕ್ರಿಯಾರೂಪಕ್ಕೆ ಎಷ್ಟು ಸಾಕ್ಷಿ ಬೇಕೆಂದು ಮಕ್ಕಳು ಚರ್ಚಿಸುವುದನ್ನು ಕೇಳಿದರೆ ವ್ಯಾಕರಣ ಒಣ ವಿಷಯವೆಂದು ಯಾರೂ ಅನ್ನಲಾರರು.

ಕಾರಣವನ್ನೂ ಸರಳವಾಗಿ ಹೇಳಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಅರಬ್ಬೀ ಸಮುದ್ರ ಬಿಸಿಯೇರುತ್ತಿದೆ. ಇನ್ನೊಂದು ಕಡೆ ನೀರು ಕುಡಿಯುತ್ತಿದ್ದ ನೆಲದ ಮೇಲೆ ಸಿಮೆಂಟು ಬಂದಿದೆ. ತಮ್ಮ ಗಲ್ಲಿಯ ನೀರಿಗೆ ಇವೆರಡರಲ್ಲಿ ಯಾವುದು ಎಷ್ಟು ಕಾರಣವೆಂದು ಮಗು ತೀರ್ಪು ಕೊಡಬೇಕಿಲ್ಲ, “-ದ್ದರಿಂದ” ಹಾಕುವ ಮೊದಲು ಒಮ್ಮೆ ತಡೆದು ಯೋಚಿಸಿದರೆ ಸಾಕು. ದೊಡ್ಡ ಮಕ್ಕಳಿದ್ದರೆ 2022ರ ಮಾರ್ಚಿನಲ್ಲಿ ಹೊರಬಂದ ಮುಂಬಯಿಯ ಹವಾಮಾನ ಕ್ರಿಯಾಯೋಜನೆಯ ಬಗ್ಗೆ ಹೇಳಬಹುದು. 2050ರ ಹೊತ್ತಿಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗಿಳಿಸುವ ಗುರಿ ಅದರದ್ದು. ಅದರ ಒಂದು ಪುಟವನ್ನು ಅಜ್ಜಿಗೆ ಅರ್ಥವಾಗುವ ಕನ್ನಡಕ್ಕೆ ತರುವುದು ಒಳ್ಳೆಯ ಅಭ್ಯಾಸ.

ಆರನೆಯದು: ಯಾರು ತುಂಬಿಸಿದರು?

ಮಿಠಿ ನದಿಯಿಂದ ಶುರು ಮಾಡಿ. ವಿಹಾರ್ ಮತ್ತು ಪೊವಯಿ ಕೆರೆಗಳು ಕೋಡಿ ಬಿದ್ದ ನೀರು ಸೇರಿ ಹೊರಟು, ಸುಮಾರು 18 ಕಿಲೋಮೀಟರ್ ಹರಿದು, ವಿಮಾನ ನಿಲ್ದಾಣದ ರನ್‌ವೇ ಕೆಳಗೆ ತೂರಿ, ಕುರ್ಲಾ ದಾಟಿ ಮಾಹಿಮಿನ ಖಾಡಿ ಸೇರುತ್ತದೆ. ನಮ್ಮ ಮಕ್ಕಳು ಅದನ್ನು ನಾಲಾ ಎಂದೇ ಬರೆಯುತ್ತಿದ್ದರು. “ಕೋಡಿ ಬೀಳುವುದು” ಗೊತ್ತಾದ ಮೇಲೆ ಒಬ್ಬ ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ ಹಿಂದಕ್ಕೆ ಹೋಗಿ ಎಲ್ಲ ಕಡೆ ನಾಲಾ ಹೊಡೆದು ನದಿ ಎಂದು ಬರೆದ.

ನಂತರ ನಕ್ಷೆ. ಏಳು ದ್ವೀಪಗಳ ನಡುವಿನ ನೀರಿಗೆ ಮಣ್ಣು ಕಲ್ಲು ಹಾಕಿ ಒಂದು ನಗರ ಮಾಡಿದ ಕಥೆ ಮಕ್ಕಳಿಗೆ ಶಾಲೆಯಲ್ಲಿ ಗೊತ್ತಾಗಿರುತ್ತದೆ. ಕನ್ನಡದ ತರಗತಿಗೆ ಅಲ್ಲಿ ಬೇರೆ ಕೆಲಸವಿದೆ. “ಕಡಲು ತುಂಬಿತು” ಮತ್ತು “ಕಡಲನ್ನು ತುಂಬಿಸಿದರು”: ಒಂದು ಭರತ, ಇನ್ನೊಂದು ಮನುಷ್ಯರ ಕೆಲಸ. ಮರ ಬಿತ್ತು, ಮರ ಬೀಳಿಸಿದರು. ಊರು ಬೆಳೆಯಿತು, ಊರು ಬೆಳೆಸಿದರು. ‘ಇಸು’ ಹಚ್ಚಿದ ಕೂಡಲೇ ಮಾಡಿದವರು ಯಾರೆಂಬ ಪ್ರಶ್ನೆ ಏಳುತ್ತದೆ. ಪತ್ರಿಕೆಯ ‘-ಲಾಯಿತು’ ಅದೇ ಪ್ರಶ್ನೆಯನ್ನು ಮುಚ್ಚುತ್ತದೆ. “2019ರ ಅಕ್ಟೋಬರಿನಲ್ಲಿ ಆರೆ ಕಾಲನಿಯಲ್ಲಿ ಮೆಟ್ರೊ ಕಾರ್ ಶೆಡ್ಡಿಗಾಗಿ ಎರಡು ಸಾವಿರಕ್ಕೂ ಹೆಚ್ಚು ಮರಗಳನ್ನು ಕಡಿಯಲಾಯಿತು.” ಈ ವಾಕ್ಯ ಕೊಟ್ಟು ಕರ್ತೃವನ್ನು ಹುಡುಕಿ ಕರ್ತರಿಯಲ್ಲಿ ತಿರುಗಿ ಬರೆಯಲು ಹೇಳಿ. ಕಡಿಸಿದವರು, ಕಡಿದವರು, ತಡೆಯಲು ಹೋದವರು, ಕಡಿಯುವುದನ್ನು ನಿಲ್ಲಿಸಿ ಎಂದ ಸುಪ್ರೀಂ ಕೋರ್ಟು, ಎಲ್ಲರೂ ಹೆಸರಿನೊಡನೆ ವಾಕ್ಯದೊಳಗೆ ಬರಬೇಕಾಗುತ್ತದೆ.

ಆದರೆ ಮಕ್ಕಳಿಂದ ಒಂದೇ ಕಡೆಯ ಮಾತು ಬರೆಸಬೇಡಿ. ಆ ಮೆಟ್ರೊದಲ್ಲಿ ಕೆಲಸಕ್ಕೆ ಹೋಗುವ ಅಕ್ಕ ಅದೇ ಮನೆಯಲ್ಲಿದ್ದಾಳೆ. ಮರೀನ್ ಡ್ರೈವ್ ಕಡೆಯಿಂದ ವರ್ಲಿಯವರೆಗಿನ 10.58 ಕಿಲೋಮೀಟರ್ ಕರಾವಳಿ ರಸ್ತೆಯಲ್ಲಿ ಟ್ಯಾಕ್ಸಿ ಓಡಿಸುವ ಮಾವನಿಗೆ ಸಮಯ ಉಳಿದಿದೆ. ಅದೇ ರಸ್ತೆಯ ಸೇತುವೆಗೆ ವರ್ಲಿಯಲ್ಲಿ ಕಂಬ ನಿಲ್ಲಿಸುವಾಗ, ಅರವತ್ತು ಮೀಟರ್ ಅಂತರದಲ್ಲಿ ನಮ್ಮ ದೋಣಿ ತೂರದು ಎಂದು ಅಲ್ಲಿನ ‘ಕೋಳಿ’ ಸಮುದಾಯದ ಮೀನುಗಾರರು ಹಿಡಿದ ಹಟಕ್ಕೆ ಸರಕಾರ ಮಣಿದು ಅಂತರವನ್ನು 120 ಮೀಟರಿಗೆ ಏರಿಸಲು ಒಪ್ಪಿತು. ನಮ್ಮ ತರಗತಿಯ ಮೊಗವೀರ ಮನೆಯ ಹುಡುಗ ಇದನ್ನು ತನ್ನ ಅಜ್ಜನಿಗೆ ಹೇಳಿದಾಗ, ಅಲೆ ಇರುವಾಗ ದೋಣಿ ನೇರ ಹೋಗುವುದಿಲ್ಲ, ಅದಕ್ಕೇ ಜಾಗ ಹೆಚ್ಚು ಬೇಕು ಎಂದು ಅವರು ವಿವರಿಸಿದರಂತೆ. ಆದರೆ, ಆದರೂ, ಹಾಗಿದ್ದರೂ, ಅಷ್ಟರ ಮಟ್ಟಿಗೆ ಎಂಬ ಕೊಂಡಿಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಸಿಕ್ಕಿಲ್ಲ.

ತಿದ್ದುವುದು, ಗೋಡೆಗೆ ಹಚ್ಚುವುದು

ಒಂದು ವಾರಕ್ಕೆ ಒಂದೇ ಬಗೆಯ ತಪ್ಪು ತಿದ್ದಿ. ಈ ವಾರ ಒತ್ತಕ್ಷರ, ಮುಂದಿನ ವಾರ ವಿಭಕ್ತಿ. ಪುಟವಿಡೀ ಕೆಂಪಾದರೆ ಮಗು ಮುಂದಿನ ಸಲ ಮೂರೇ ಸಾಲು ಬರೆಯುತ್ತದೆ. ಯಾರಾದರೂ ಆಡಿದ ಮಾತು ಅವರ ಕನ್ನಡದಲ್ಲೇ ಇರಲಿ. ಕುಂದಾಪುರದ ಅಜ್ಜಿ, ಧಾರವಾಡದ ಕಾಕಾ ಇಬ್ಬರ ಮಾತನ್ನೂ ಪಠ್ಯಪುಸ್ತಕದ ಕನ್ನಡಕ್ಕೆ ಇಸ್ತ್ರಿ ಮಾಡಬೇಡಿ.

ತಿಂಗಳಿಗೊಮ್ಮೆ ಒಂದು ಗೋಡೆಪತ್ರಿಕೆ ಮಾಡಿ. ಪ್ರತಿ ಮಗುವಿನದೂ ಒಂದು ಪುಟ್ಟ ಬರಹ, ಕೈಬರಹದಲ್ಲಿ, ನಕ್ಷೆಯ ಮೇಲೆ ದಾರ ಎಳೆದು ತೋರಿಸಿದ ಜಾಗದ ಜೊತೆಗೆ. ಅದನ್ನು ಹಿರಿಯರು ಕೂರುವ ಕಡೆ ಹಚ್ಚಿ, ಮಕ್ಕಳ ಮುಂದಷ್ಟೇ ಹಚ್ಚಿದರೆ ಸಾಲದು. ನಮ್ಮಲ್ಲಿ ಒಬ್ಬರು ಓದಿ, “ಮಗಾ, ಆ ಸೇತುವೆ 2005ರಲ್ಲಿ ಅಷ್ಟು ಎತ್ತರ ಇರಲಿಲ್ಲ” ಎಂದು ಪೆನ್ನು ತೆಗೆದು ಅಂಚಿನಲ್ಲಿ ಬರೆದೇ ಹೋದರು. ಮಗುವಿನ ವಿಳಾಸ, ಪೂರ್ತಿ ಹೆಸರು ಹಾಕಬೇಡಿ. ಯಾರ ಕಷ್ಟವನ್ನಾದರೂ ಬರೆಯುವುದಿದ್ದರೆ ಅವರನ್ನು ಕೇಳಿಯೇ ಬರೆಯಲಿ.

ಮಳೆಯಿಲ್ಲದ ತಿಂಗಳುಗಳಿಗೂ ಇದೇ ಕ್ರಮ. ಬೇಸಿಗೆಯಲ್ಲಿ ಸೆಕೆ, ಧಗೆ, ಝಳ ಎಂಬ ಪದಗಳ ನಡುವಿನ ವ್ಯತ್ಯಾಸ ಹುಡುಕಿಸಿ, ತಗಡಿನ ಮಾಡಿನ ಕೆಳಗೂ ಮರದ ಕೆಳಗೂ ಹೊತ್ತು ಹೊತ್ತಿಗೆ ಬರೆಸಿ. ಕುಡಿಯುವ ನೀರಿನ ಏಳು ಕೆರೆಗಳಲ್ಲಿ ಎಷ್ಟು ಉಳಿದಿದೆ ಎಂಬುದು ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ತುಳಸಿ, ವಿಹಾರ್ ಎರಡೇ ನಗರದೊಳಗಿನವು, ಉಳಿದ ಐದು ದೂರದ ಊರುಗಳವು. ಆ ದೂರದ ಊರುಗಳಿಗೆ ಒಂದು ಪತ್ರ ಬರೆಯಲು ಹೇಳಿದರೆ ಪತ್ರಲೇಖನದ ಪಾಠವೂ ಮುಗಿಯಿತು.

ಅಕ್ಟೋಬರಿನಲ್ಲಿ ಕೊನೆಯ ಬರಹ: ಒಣಗಿದ ಮೇಲೆ ಅದೇ ಜಾಗ. ಕಲೀನಾದ ಹುಡುಗಿ ಬರೆದಳು, “ಗೋಡೆಯ ಮೇಲೆ ನೀರಿನ ಗೆರೆ ಇತ್ತು. ದಸರೆಗೆ ಸುಣ್ಣ ಬಳಿದರು. ಈಗ ಇಲ್ಲ. ಗೆರೆ ನನ್ನ ಮೊಣಕಾಲಿಗಿಂತ ಒಂದು ಗೇಣು ಮೇಲೆ ಇತ್ತು.” ಈ ನೋಟ್‌ಬುಕ್ಕುಗಳ ಜೆರಾಕ್ಸ್ ತೆಗೆದಿಟ್ಟುಕೊಳ್ಳಿ. ಮುಂದಿನ ಮೇ ತಿಂಗಳಲ್ಲಿ ಹೊಸ ಮಕ್ಕಳು ಬಂದಾಗ ಹಳೆಯ ಜಾಗಗಳನ್ನೇ ಹಂಚಿ, ‘ಹೋದ ವರ್ಷ’ ಎಂದು ಶುರುವಾಗುವ ಮೊದಲ ವಾಕ್ಯವನ್ನು ಅದರಿಂದಲೇ ಬರೆಸಿ.